ಮಹಾಡ್ ಕೆರೆಗೆ ನೂರು ವರ್ಷ: ಯಾವ ದಿನವನ್ನು ನೆನೆಯಬೇಕು?

ಪ್ರಶ್ನೆ: ನಾನು ಬೆಳಗಾವಿ ಜಿಲ್ಲೆಯ ಪದವಿ ಕಾಲೇಜೊಂದರಲ್ಲಿ ಉಪನ್ಯಾಸಕಿ. ಮಹಾರಾಷ್ಟ್ರದ ಕೊಂಕಣದ ಮಹಾಡ್ ಊರಲ್ಲಿ ಕೆರೆಯ ನೀರಿಗಾಗಿ ಅಸ್ಪೃಶ್ಯರು ನಡೆಸಿದ ಸತ್ಯಾಗ್ರಹಕ್ಕೆ 2027ಕ್ಕೆ ನೂರು ವರ್ಷ ತುಂಬುತ್ತದೆ. ಕಾರ್ಯಕ್ರಮ ಮಾಡೋಣವೆಂದು ಕೂತರೆ ದಿನಾಂಕದಲ್ಲೇ ಗೊಂದಲ. ಕೆಲವರು ಮಾರ್ಚ್ 20 ಎನ್ನುತ್ತಾರೆ, ಕೆಲವರು ಡಿಸೆಂಬರ್ 25 ಎನ್ನುತ್ತಾರೆ. ವಿದ್ಯಾರ್ಥಿಯೊಬ್ಬ ಕೇಳಿದ: "ಪುರಸಭೆ 1924ರಲ್ಲೇ ಕೆರೆಯನ್ನು ಎಲ್ಲರಿಗೂ ತೆರೆದಿತ್ತಂತಲ್ಲ ಮೇಡಂ, ಮತ್ತೆ ಸತ್ಯಾಗ್ರಹ ಯಾಕೆ ಬೇಕಾಯ್ತು?" ಅವನಿಗೆ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಕೊನೆಗೆ ಆ ನೀರಿನ ಹಕ್ಕು ಅಸ್ಪೃಶ್ಯರಿಗೆ ಸಿಕ್ಕಿತೆ? ಸಿಕ್ಕಿದ್ದರೆ ಯಾವಾಗ?

ಉತ್ತರ: ದಿನಾಂಕದ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೆರೆಯ ನೀರು ಕುಡಿದದ್ದು 1927ರ ಮಾರ್ಚ್ 20ರಂದು. ಮನುಸ್ಮೃತಿಯನ್ನು ಸುಟ್ಟದ್ದು ಅದೇ ವರ್ಷದ ಡಿಸೆಂಬರ್ 25ರಂದು. ಎರಡೂ ಮಹಾಡ್‌ನಲ್ಲೇ ನಡೆದವು, ಎರಡರ ಮುಂದಾಳತ್ವವೂ ಅಂಬೇಡ್ಕರ್ ಅವರದೇ. ಆದರೆ ಡಿಸೆಂಬರ್‌ನಲ್ಲಿ ಯಾರೂ ಕೆರೆಯ ನೀರು ಮುಟ್ಟಲಿಲ್ಲ. ಭಾಷಣಗಳಲ್ಲಿ, ಪೋಸ್ಟರ್‌ಗಳಲ್ಲಿ ಎರಡನ್ನೂ ಒಂದೇ ದಿನಕ್ಕೆ ತುರುಕುವುದರಿಂದ ಈ ಗೊಂದಲ ಹುಟ್ಟಿದೆ. ಇವೆರಡರ ಜೊತೆಗೆ ಮೂರನೆಯ ದಿನವೊಂದಿದೆ, ಕೆರೆಯ ಬಗ್ಗೆ ಹೈಕೋರ್ಟು ತೀರ್ಪು ಕೊಟ್ಟ 1937ರ ಮಾರ್ಚ್ 17. ಅದನ್ನು ಹೆಚ್ಚಿನವರು ಎತ್ತುವುದೇ ಇಲ್ಲ. ನನ್ನ ಮಟ್ಟಿಗೆ ಆ ದಿನವನ್ನು ಬಿಟ್ಟರೆ ಮಹಾಡ್‌ನ ಕಥೆ ಅರ್ಧಕ್ಕೇ ನಿಲ್ಲುತ್ತದೆ.

ಈಗ ನಿಮ್ಮ ವಿದ್ಯಾರ್ಥಿಯ ಪ್ರಶ್ನೆ. ಇಡೀ ಮಹಾಡ್ ಪ್ರಕರಣದ ತಿರುಳೇ ಅದು.

1923ರ ಆಗಸ್ಟ್ 4ರಂದು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಸೀತಾರಾಮ ಕೇಶವ ಬೋಲೆ ಎಂಬ ಸದಸ್ಯರು ಒಂದು ಠರಾವು ಮಂಡಿಸಿ ಅಂಗೀಕಾರ ಪಡೆದರು. ಬೋಲೆಯವರು ಭಂಡಾರಿ ಸಮುದಾಯದ ಮುಖಂಡರು, ಬ್ರಾಹ್ಮಣೇತರ ಚಳವಳಿಯ ಹಿನ್ನೆಲೆಯವರು. ಸಾರ್ವಜನಿಕ ಹಣದಲ್ಲಿ ಕಟ್ಟಿದ ಅಥವಾ ನಡೆಯುತ್ತಿರುವ ಕೆರೆ, ಬಾವಿ, ಧರ್ಮಶಾಲೆಗಳಿಗೂ, ಸರ್ಕಾರಿ ಶಾಲೆ, ಕೋರ್ಟು, ಕಚೇರಿ, ದವಾಖಾನೆಗಳಿಗೂ ಅಸ್ಪೃಶ್ಯರಿಗೆ ಪ್ರವೇಶ ಇರಬೇಕು ಎಂಬುದು ಅದರ ಸಾರ. ಸೆಪ್ಟೆಂಬರ್‌ನಲ್ಲಿ ಸರ್ಕಾರ ಇಲಾಖೆಗಳಿಗೆ ಆದೇಶವನ್ನೂ ಹೊರಡಿಸಿತು. ಇದು ಇಡೀ ಮುಂಬಯಿ ಪ್ರಾಂತ್ಯಕ್ಕೆ ಅನ್ವಯಿಸುತ್ತಿತ್ತು ಎಂಬುದನ್ನು ನಿಮ್ಮ ಮಕ್ಕಳಿಗೆ ಒತ್ತಿ ಹೇಳಿ. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಆಗ ಅದೇ ಪ್ರಾಂತ್ಯದಲ್ಲಿದ್ದವು. ಅಂದರೆ ಮಹಾಡ್‌ನ ಕೆರೆಗೆ ಯಾವ ಆದೇಶವಿತ್ತೋ ನಿಮ್ಮ ಜಿಲ್ಲೆಯ ಸರ್ಕಾರಿ ಬಾವಿಗೂ ಅದೇ ಆದೇಶವಿತ್ತು. ಅಂಬೇಡ್ಕರ್ ಅವರು 1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಗೆ ಬಂದು ಪರಿಷತ್ತು ನಡೆಸಿದ್ದರು. ಮಹಾಡ್‌ಗೆ ಎರಡು ವರ್ಷ ಮೊದಲು ನಿಮ್ಮ ಜಿಲ್ಲೆಯಲ್ಲೇ ಅವರ ಸಭೆಯಾಗಿತ್ತು.

ಬೋಲೆ ಠರಾವಿಗೆ ಹೆಚ್ಚಿನ ಊರುಗಳು ಸೊಪ್ಪು ಹಾಕಲಿಲ್ಲ. ಮಹಾಡ್ ಪುರಸಭೆ ಮಾತ್ರ 1924ರ ಜನವರಿಯಲ್ಲಿ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಎಂದು ತಾನೇ ಠರಾವು ಮಾಡಿತು. ಸುರೇಂದ್ರನಾಥ ಟಿಪ್ನೀಸ್ ಅವರಂಥ ಸುಧಾರಕರು ಅಲ್ಲಿ ಇದ್ದುದು ಇದಕ್ಕೆ ದೊಡ್ಡ ಕಾರಣ. ಆದರೂ ಮೂರು ವರ್ಷ ಒಬ್ಬರೂ ಕೆರೆಗೆ ಇಳಿಯಲಿಲ್ಲ. ಯಾಕೆ ಎಂದು ತಿಳಿಯಬೇಕಾದರೆ ಕೆರೆ ಎಲ್ಲಿದೆ ಎಂದು ನೋಡಬೇಕು. ಮಳೆನೀರು ಮತ್ತು ಸೆಲೆಗಳಿಂದ ತುಂಬುವ ದೊಡ್ಡ ಕೆರೆ ಅದು. ನಾಲ್ಕೂ ಕಡೆ ಕಟ್ಟಿದ ದಂಡೆ, ದಂಡೆಯಾಚೆ ಖಾಸಗಿಯವರ ಸಣ್ಣ ಸಣ್ಣ ಜಾಗ, ಅದರಾಚೆ ಪುರಸಭೆಯ ರಸ್ತೆ, ರಸ್ತೆಗೆ ಮುಖ ಮಾಡಿದ ಸವರ್ಣೀಯರ ಮನೆಗಳು. ಊರಿನ ನಟ್ಟನಡುವೆ, ನೂರು ಕಣ್ಣುಗಳ ಎದುರು ಬಗ್ಗಿ ನೀರು ತುಂಬಿಕೊಳ್ಳಬೇಕು. ಪುರಸಭೆಯ ಕಾಗದ ಕಚೇರಿಯಲ್ಲಿತ್ತು, ಬೈಗುಳ ಮತ್ತು ಏಟು ಕೆರೆಯ ದಂಡೆಯಲ್ಲಿದ್ದವು.

ನೀರಿನ ಗರಜು ಎಂಥದ್ದಿತ್ತು ಎನ್ನುವುದನ್ನೂ ಅಂಬೇಡ್ಕರ್ ಬರೆದಿಟ್ಟಿದ್ದಾರೆ. ಸುತ್ತಲ ಹಳ್ಳಿಗಳಿಂದ ಅಸ್ಪೃಶ್ಯರು ಮಹಾಡ್‌ಗೆ ಬರಲೇಬೇಕಿತ್ತು. ಸಂತೆ, ಸಾಮಾನಿಗೆ ಬರುವುದು ಒಂದು ಕಡೆಯಾದರೆ, ಊರ ಚಾಕರಿಯ ಭಾಗವಾಗಿ ಹಳ್ಳಿಯ ಕಾಗದಪತ್ರ, ವಸೂಲಾದ ಕಂದಾಯ ಹೊತ್ತು ತಾಲ್ಲೂಕು ಕಚೇರಿಗೆ ಬರುವುದು ಇನ್ನೊಂದು ಕಡೆ. ಸರ್ಕಾರದ ದುಡ್ಡು ಹೊತ್ತು ತಂದವನಿಗೆ ಸರ್ಕಾರದ ಕೆರೆಯಲ್ಲಿ ಒಂದು ಬೊಗಸೆ ನೀರಿಲ್ಲ! ಅವರಿಗೆ ಉಳಿದದ್ದು ಅವರ ಕೇರಿಯ ಒಂದೇ ಬಾವಿ. ಅದು ಪೇಟೆಯಿಂದ ದೂರ, ಮೇಲಾಗಿ ಪುರಸಭೆ ಗಮನ ಕೊಡದೆ ಹೂಳು ತುಂಬಿಕೊಂಡದ್ದು.

ಹಾಗಾಗಿ 1927ರಲ್ಲಿ ಯಾರೂ ಹೊಸ ಹಕ್ಕು ಕೇಳಲಿಲ್ಲ. ಆಗಲೇ ಕೊಟ್ಟಿದ್ದ ಹಕ್ಕನ್ನು ಬಳಸಿದರು, ಅಷ್ಟೇ. ನಿಮ್ಮ ವಿದ್ಯಾರ್ಥಿ ಕೇಳಿದ್ದಕ್ಕೆ ಉತ್ತರ ಇದು: ಪುರಸಭೆ ಅನುಮತಿ ಕೊಟ್ಟಿದ್ದರಿಂದಲೇ ಈ ಹೆಜ್ಜೆಗೆ ಕಾನೂನಿನ ಬಲವಿತ್ತು, ಮತ್ತು ಅನುಮತಿಯೊಂದೇ ಸಾಲದು ಎಂದು ಲೋಕಕ್ಕೆ ಗೊತ್ತಾದದ್ದೂ ಈ ಹೆಜ್ಜೆಯಿಂದಲೇ.

ಮಾರ್ಚ್ 19 ಮತ್ತು 20ರಂದು ಮಹಾಡ್‌ನಲ್ಲಿ ನಡೆದದ್ದು ಕೊಲಾಬಾ (ಇಂದಿನ ರಾಯಗಡ) ಜಿಲ್ಲೆಯ ಬಹಿಷ್ಕೃತ ಪರಿಷತ್ತು, ಅಂದರೆ ಅಸ್ಪೃಶ್ಯರ ಸಮ್ಮೇಳನ. ಅದಕ್ಕೆ ಓಡಾಡಿದವರಲ್ಲಿ ಆ ಸೀಮೆಯ ತರುಣ ರಾಮಚಂದ್ರ ಬಾಬಾಜಿ ಮೋರೆ ಮುಖ್ಯರು, ಮುಂದೆ ಕಮ್ಯುನಿಸ್ಟ್ ಚಳವಳಿಗೆ ಹೋದವರು. ಅನಂತರಾವ್ ಚಿತ್ರೆ, ಟಿಪ್ನೀಸ್, ಗಂಗಾಧರ ನೀಲಕಂಠ ಸಹಸ್ರಬುದ್ಧೆ ಜೊತೆಗಿದ್ದ ಸವರ್ಣೀಯರು. ಕೊಂಕಣದ ಈ ಭಾಗದಲ್ಲಿ ಸೇನೆಯಿಂದ ನಿವೃತ್ತರಾಗಿ ಬಂದ ಮಹಾರ್ (ಅಂಬೇಡ್ಕರ್ ಹುಟ್ಟಿದ ಅಸ್ಪೃಶ್ಯ ಜಾತಿ) ಸೈನಿಕರ ಕುಟುಂಬಗಳು ಬಹಳ. ಅಕ್ಷರ, ಶಿಸ್ತು, ಒಂದಿಷ್ಟು ಧೈರ್ಯ ಮೊದಲೇ ಅಲ್ಲಿ ನೆಲೆಯೂರಿತ್ತು. ಇದೇ ಮಹಾಡ್ ಹತ್ತಿರದವರಾದ ನಿವೃತ್ತ ಸೈನಿಕ ಗೋಪಾಲ ಬಾಬಾ ವಲಂಗಕರ್ ಹತ್ತೊಂಬತ್ತನೆಯ ಶತಮಾನದಲ್ಲೇ ಅಸ್ಪೃಶ್ಯತೆಯ ವಿರುದ್ಧ ಬರೆದು, ತಿರುಗಾಡಿ ಜನರನ್ನು ಎಬ್ಬಿಸಿದ್ದರು. ಮಹಾಡ್ ಏಕಾಏಕಿ ಸಿಡಿಯಲಿಲ್ಲ.

ಎರಡೂವರೆ ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅಷ್ಟು ಮಂದಿಗೆ ಕುಡಿಯಲು ನೀರು? ಸವರ್ಣೀಯರಿಂದ ನಲವತ್ತು ರೂಪಾಯಿಯ ನೀರು ಕೊಂಡು ತರಿಸಿದ್ದರು. ಭಾಷಣಕ್ಕೆ ಬರುವ ಅತಿಥಿಗಳಿಗೆ ಈ ಒಂದು ಸಂಗತಿ ತಪ್ಪದೆ ತಿಳಿಸಿ.

20ರ ಬೆಳಿಗ್ಗೆ ಸಭೆ ಮುಗಿಯುವ ಹೊತ್ತಿಗೆ, ಪುರಸಭೆಯ ಠರಾವನ್ನು ಈಗಲೇ ಜಾರಿಗೆ ತರೋಣ ಎಂಬ ಮಾತು ಬಂತು. ಸಾಲುಗಟ್ಟಿ, ಗಲಾಟೆಯಿಲ್ಲದೆ, ಎಲ್ಲರೂ ಕೆರೆಗೆ ನಡೆದರು. ಅಂಬೇಡ್ಕರ್ ಬಗ್ಗಿ ಬೊಗಸೆಯಲ್ಲಿ ನೀರು ಕುಡಿದರು. ಉಳಿದವರೂ ಕುಡಿದು ಚಪ್ಪರಕ್ಕೆ ಮರಳಿದರು. ಆ ಕ್ಷಣಕ್ಕೆ ಏನೂ ಆಗಲಿಲ್ಲ. ಸುಮಾರು ಎರಡು ಗಂಟೆಯ ಬಳಿಕ ಊರಲ್ಲಿ ಒಂದು ಸುಳ್ಳು ಸುದ್ದಿ ಹಬ್ಬಿತು: ಇವರು ಈಗ ವೀರೇಶ್ವರ ದೇವಸ್ಥಾನಕ್ಕೆ ನುಗ್ಗುತ್ತಾರಂತೆ. ದೊಣ್ಣೆ ಹಿಡಿದ ಗುಂಪು ಚಪ್ಪರಕ್ಕೆ ನುಗ್ಗಿತು. ಹೆಚ್ಚಿನವರು ಊರಿಗೆ ಹೊರಡಲು ಗಂಟುಮೂಟೆ ಕಟ್ಟುತ್ತಿದ್ದರು, ಕೆಲವರು ಉಣ್ಣುತ್ತಿದ್ದರು. ಅನ್ನ ಮಣ್ಣಿಗೆ ಬಿತ್ತು, ಸುಮಾರು ಇಪ್ಪತ್ತು ಜನಕ್ಕೆ ಬಲವಾದ ಪೆಟ್ಟಾಯಿತು. ಒಂಟಿ ಸಿಕ್ಕವರನ್ನು ಬೀದಿಯಲ್ಲಿ ಹೊಡೆದರು. ಕೆಲವರು ಮುಸ್ಲಿಮರ ಮನೆಗಳಲ್ಲಿ ಅಡಗಿ ಜೀವ ಉಳಿಸಿಕೊಂಡರು. ಹಳ್ಳಿಗೆ ಮರಳಿದವರನ್ನೂ ಬಿಡದೆ ಅಲ್ಲಲ್ಲಿ ಹೊಡೆದರು.

ಅಂಬೇಡ್ಕರ್ ಆಗ ಪ್ರವಾಸಿ ಬಂಗಲೆಯಲ್ಲಿದ್ದರು. ಅಲ್ಲಿ ಸೇರಿದವರಲ್ಲಿ ಯುದ್ಧ ಕಂಡ ಮಾಜಿ ಸೈನಿಕರಿದ್ದರು. ಒಂದು ಮಾತು ಸಾಕಿತ್ತು, ಅವರು ತಿರುಗಿ ಬೀಳುತ್ತಿದ್ದರು. ಆ ಮಾತನ್ನು ಅಂಬೇಡ್ಕರ್ ಆಡಲಿಲ್ಲ. ಕೈಯೆತ್ತಬೇಡಿ ಎಂದರು, ಪೊಲೀಸು ಮತ್ತು ಕೋರ್ಟಿನ ದಾರಿ ಹಿಡಿದರು. ಹಲ್ಲೆಕೋರರಲ್ಲಿ ಐವರಿಗೆ ಜೂನ್‌ನಲ್ಲಿ ನಾಲ್ಕು ತಿಂಗಳ ಕಠಿಣ ಸಜೆಯಾಯಿತು. ಶಾಂತಿಯ ಇತಿಹಾಸ ಬರೆಯುವವರು ಮಾರ್ಚ್ 20ನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಕೈಯಲ್ಲಿ ಬಲವಿದ್ದೂ ತಡೆದುಕೊಂಡ ಈ ಒಂದು ಮಧ್ಯಾಹ್ನಕ್ಕಾಗಿಯಾದರೂ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ.

ಆಮೇಲೆ ಕೆರೆಯನ್ನು "ಶುದ್ಧ" ಮಾಡಿದರು. 108 ಕೊಡ ನೀರು ಎತ್ತಿ, ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ, ಮಂತ್ರ ಹೇಳಿ ಮತ್ತೆ ಕೆರೆಗೆ ಸುರಿದರು. ಆಗಸ್ಟ್ 4ರಂದು ಪುರಸಭೆ ತನ್ನ 1924ರ ಠರಾವನ್ನೇ ವಾಪಸು ಪಡೆಯಿತು. ಬೋಲೆ ಠರಾವಿಗೆ ಆವತ್ತು ಸರಿಯಾಗಿ ನಾಲ್ಕು ವರ್ಷ. ಇಂಥ ವಾರ್ಷಿಕೋತ್ಸವಗಳೂ ಇರುತ್ತವೆ ನೋಡಿ.

ಠರಾವು ಹೋದ ಮೇಲೆ ಅಂಬೇಡ್ಕರ್ ಡಿಸೆಂಬರ್‌ನಲ್ಲಿ ಎರಡನೆಯ ಪರಿಷತ್ತು ಕರೆದರು. ಸತ್ಯಾಗ್ರಹ ಎಂದು ಮೊದಲೇ ಸಾರಿ, ಜನರ ಹೆಸರು ಬರೆಸಿಕೊಂಡು ನಡೆಸಿದ್ದು ಇದು. ಬ್ರಾಹ್ಮಣೇತರ ನಾಯಕರಾದ ಕೇಶವರಾವ್ ಜೇಧೆ ಮತ್ತು ದಿನಕರರಾವ್ ಜವಳಕರ್ ಬೆಂಬಲ ಕೊಡುತ್ತೇವೆ, ಆದರೆ ಇದರಲ್ಲಿ ಬ್ರಾಹ್ಮಣರು ಇರಬಾರದು ಎಂದರು. ಅಂಬೇಡ್ಕರ್ ಒಪ್ಪಲಿಲ್ಲ. ತಮ್ಮ ವಿರೋಧ ಹುಟ್ಟಿನಿಂದ ಬ್ರಾಹ್ಮಣರಾದವರ ಮೇಲಲ್ಲ, ಮೇಲುಕೀಳೆಂಬ ಭಾವನೆಯ ಮೇಲೆ ಎಂಬುದು ಅವರ ನಿಲುವು. ಮುಂದೆ ಆದದ್ದು ನೋಡಿದರೆ ಈ ನಿಲುವು ಬರೀ ಮಾತಿನದಲ್ಲ ಎಂದು ಗೊತ್ತಾಗುತ್ತದೆ: ಮನುಸ್ಮೃತಿಯನ್ನು ಸುಡಬೇಕೆಂಬ ಠರಾವು ಮಂಡಿಸಿದ್ದು ಬ್ರಾಹ್ಮಣರಾದ ಸಹಸ್ರಬುದ್ಧೆ, ಅನುಮೋದಿಸಿದ್ದು ದಲಿತ ನಾಯಕ ಪಿ. ಎನ್. ರಾಜಭೋಜ್.

ಆ ಸಭೆಗೆ ಊರಲ್ಲಿ ಜಾಗ ಕೊಟ್ಟದ್ದು ಒಬ್ಬ ಮುಸ್ಲಿಂ ಜಮೀನುದಾರರು. ಚಪ್ಪರದಲ್ಲಿ ಗಾಂಧೀಜಿಯ ಭಾವಚಿತ್ರವಿತ್ತು. ಮುಂದೆ ಇಬ್ಬರ ನಡುವೆ ಬಂದ ಜಟಾಪಟಿಯನ್ನಷ್ಟೇ ಬಲ್ಲವರು ಇದನ್ನು ನಂಬುವುದಿಲ್ಲ, ಆದರೆ ಇತ್ತು. ಅಂಬೇಡ್ಕರ್ ತಮ್ಮ ಭಾಷಣದಲ್ಲಿ ಸಭೆಯನ್ನು 1789ರ ಫ್ರಾನ್ಸಿನ ರಾಷ್ಟ್ರೀಯ ಸಭೆಗೆ ಹೋಲಿಸಿದರು. ಈ ಕೆರೆಯ ನೀರು ಕುಡಿಯದಿದ್ದರೆ ನಾವೇನೂ ಸಾಯುವುದಿಲ್ಲ, ನಾವೂ ಮನುಷ್ಯರು ಎಂದು ತೋರಿಸಲು ಅಲ್ಲಿಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಅವರ ಮಾತು ಈ ಭಾಷಣದ್ದು. ಇದು ಡಿಸೆಂಬರಿನ ಮಾತು, ಮಾರ್ಚ್ 20ರ ಬ್ಯಾನರ್ ಮೇಲೆ ಹಾಕಿ ತಪ್ಪು ಮಾಡಬೇಡಿ. ಮಹಾಡ್‌ನ ಸವರ್ಣೀಯರು ಮುಸ್ಲಿಮರನ್ನು ತಡೆಯುವುದಿಲ್ಲ, ದನಕರು, ಹಕ್ಕಿಗಳನ್ನು ತಡೆಯುವುದಿಲ್ಲ, ಅಸ್ಪೃಶ್ಯರು ಸಾಕಿದ ದನಗಳನ್ನೂ ತಡೆಯುವುದಿಲ್ಲ ಎಂದು ಅವರು ಒಂದೊಂದಾಗಿ ತೋರಿಸಿಕೊಟ್ಟರು. ಹಾಗಾದರೆ ಮೈಲಿಗೆಯ ವಾದ ಎಲ್ಲಿ ನಿಲ್ಲುತ್ತದೆ?

ಇಷ್ಟೆಲ್ಲ ಆದರೂ ನೀರು ಕುಡಿಯಲಿಲ್ಲ ಏಕೆ? ಪರಿಷತ್ತಿಗೆ ಸ್ವಲ್ಪ ಮುಂಚೆ, ಡಿಸೆಂಬರ್ 12ರಂದು, ಊರಿನ ಸವರ್ಣೀಯರು ಅಂಬೇಡ್ಕರ್ ಮತ್ತಿತರರ ಮೇಲೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿದ್ದರು. ಎರಡು ದಿನದಲ್ಲಿ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿತು. ಜಿಲ್ಲಾ ಮ್ಯಾಜಿಸ್ಟ್ರೇಟರು ಸ್ವತಃ ಸಭೆಗೆ ಬಂದು ಮುಂದೂಡಿ ಎಂದು ಕೇಳಿಕೊಂಡರು. ಜನ ಕುದಿಯುತ್ತಿದ್ದರು, ಜೈಲಿಗೆ ಸಿದ್ಧರಾಗಿ ಬಂದಿದ್ದರು. ಆ ಜನರನ್ನು ಅಂಬೇಡ್ಕರ್ ಒಪ್ಪಿಸಿ ಸತ್ಯಾಗ್ರಹ ಮುಂದೂಡಿದರು. ಕೆರೆಯ ಸುತ್ತ ಮೆರವಣಿಗೆ ನಡೆಸಿ, ನೀರು ಮುಟ್ಟದೆ ಹಿಂತಿರುಗಿದರು. ಬ್ಯಾರಿಸ್ಟರ್ ಆಗಿದ್ದವರಿಗೆ ಒಂದು ವಿಷಯ ಸ್ಪಷ್ಟವಿತ್ತು: ಸವರ್ಣೀಯರ ಜೊತೆಗೆ ಸರ್ಕಾರವನ್ನೂ ಎದುರು ಹಾಕಿಕೊಂಡರೆ ಪೆಟ್ಟು ತಿನ್ನುವವರು ಹಳ್ಳಿಯಲ್ಲಿ ಒಂಟಿಯಾಗಿರುವ ಬಡವರು. ಇದು ಅಂಜಿಕೆಯ ತೀರ್ಮಾನ ಎಂದು ಟೀಕಿಸುವವರಿದ್ದಾರೆ. ಮಾರ್ಚ್‌ನಲ್ಲಿ ಹಳ್ಳಿಹಳ್ಳಿಗಳಲ್ಲಿ ಏನಾಗಿತ್ತು ಎಂದು ತಿಳಿದ ಮೇಲೆ ನನಗೆ ಹಾಗೆ ಅನ್ನಿಸುವುದಿಲ್ಲ.

ಅದೇ ಡಿಸೆಂಬರಿನಲ್ಲಿ ಹೆಂಗಸರ ಸಭೆಯಲ್ಲೂ ಅಂಬೇಡ್ಕರ್ ಮಾತಾಡಿದರು. ಜಾತಿ ಗುರುತಿಸಲೆಂದೇ ಹೇರಿದ ಉಡುಗೆಯ ರೀತಿಯನ್ನು ಬಿಡಿ, ಮಕ್ಕಳನ್ನು ಓದಿಸಿ ಎಂದರು. ಸೀರೆಯನ್ನು ಕಾಲು ಮುಚ್ಚುವಂತೆ ಉಡುವುದನ್ನು ಚಿತ್ರೆ ಮತ್ತು ಟಿಪ್ನೀಸ್ ಅವರ ಮನೆಯ ಹೆಂಗಸರು ಅಲ್ಲೇ ಹೇಳಿಕೊಟ್ಟರು. ಡಿಸೆಂಬರ್ 25ನ್ನು ಭಾರತೀಯ ಸ್ತ್ರೀ ಮುಕ್ತಿ ದಿನವೆಂದು ಮಹಾರಾಷ್ಟ್ರದ ಮಹಿಳಾ ಸಂಘಟನೆಗಳು ಆಚರಿಸುತ್ತ ಬಂದಿವೆ. ಮನುಸ್ಮೃತಿ ಹೆಣ್ಣಿಗೆ ಏನು ವಿಧಿಸುತ್ತದೆ ಎಂದು ಓದಿದವರಿಗೆ ಇದಕ್ಕೆ ಬೇರೆ ಕಾರಣ ಹೇಳಬೇಕಿಲ್ಲ.

ಇನ್ನು ನೀವು ಕೊನೆಗೆ ಕೇಳಿದ್ದು. ತಡೆಯಾಜ್ಞೆ 1928ರ ಫೆಬ್ರವರಿಯಲ್ಲಿ ತೆರವಾಯಿತು, ಆದರೆ ಮೂಲ ದಾವೆ ಉಳಿದುಕೊಂಡಿತು. ಈ ಕೆರೆ ನಮ್ಮದು, ಅಸ್ಪೃಶ್ಯರನ್ನು ಹೊರಗಿಡುವುದು ಅನಾದಿಯಿಂದ ಬಂದ ರೂಢಿ ಎಂದು ವಾದಿಗಳು ಹೇಳಿದ್ದರು. ಮಹಾಡ್ ನ್ಯಾಯಾಲಯ 1931ರಲ್ಲಿ ದಾವೆಯನ್ನು ವಜಾ ಮಾಡಿತು. ಅವರು ಠಾಣೆ (ಥಾಣೆ) ಊರಿನ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹೋದರು, 1933ರಲ್ಲಿ ಅಲ್ಲೂ ಸೋತರು. ಅಲ್ಲಿಂದ ಮುಂಬಯಿ ಹೈಕೋರ್ಟಿಗೆ ಹೋದರು. 1937ರ ಮಾರ್ಚ್ 17ರಂದು ನ್ಯಾಯಮೂರ್ತಿ ಬ್ರೂಮ್‌ಫೀಲ್ಡ್ ಅವರ ಪೀಠ ಅಂತಿಮ ತೀರ್ಪು ಕೊಟ್ಟು ಮೇಲ್ಮನವಿ ತಳ್ಳಿಹಾಕಿತು. ಬೊಗಸೆ ನೀರಿನಿಂದ ತೀರ್ಪಿನವರೆಗೆ ಹತ್ತು ವರ್ಷಕ್ಕೆ ಮೂರು ದಿನ ಕಡಿಮೆ. 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಗೆ ಆರು ವರ್ಷ ಸಜೆ ವಿಧಿಸಿದ ನ್ಯಾಯಾಧೀಶರೂ ಇದೇ ಬ್ರೂಮ್‌ಫೀಲ್ಡ್.

ಈ ತೀರ್ಪನ್ನು ವಿದ್ಯಾರ್ಥಿಗಳು ಓದಬೇಕು ಎನ್ನುವುದಕ್ಕೆ ನನ್ನ ಬಳಿ ಬೇರೆಯೇ ಕಾರಣವಿದೆ. ಅಸ್ಪೃಶ್ಯತೆ ಅನ್ಯಾಯ ಎಂದು ಅದು ಎಲ್ಲೂ ಹೇಳುವುದಿಲ್ಲ! ಕೆರೆ ಪುರಸಭೆಯ ವಶದಲ್ಲಿದೆ; ಹೊರಗಿಡುವ ರೂಢಿ ಅನಾದಿ ಕಾಲದ್ದು ಎಂದು ವಾದಿಗಳು ಸಾಬೀತು ಮಾಡಿಲ್ಲ; ಸುತ್ತ ಸವರ್ಣೀಯರ ಮನೆಗಳು ಏಳುವ ಮುಂಚೆ ಇಂಥ ಪ್ರತ್ಯೇಕ ಹಕ್ಕನ್ನು ಯಾರಾದರೂ ಸ್ಥಾಪಿಸಲು ಹೊರಟಿದ್ದರೆಂಬುದೇ ಅನುಮಾನ. ಇಷ್ಟೇ ಗೆಲುವು. ರೂಢಿ ಸಾಬೀತಾಗಿದ್ದರೆ ಅದು ನ್ಯಾಯಸಮ್ಮತವೇ, ಸಾರ್ವಜನಿಕ ಹಿತಕ್ಕೆ ವಿರುದ್ಧವೇ ಎಂದು ನೋಡಬೇಕಾಗಬಹುದಿತ್ತು, ಈಗ ಅದರ ಅಗತ್ಯವಿಲ್ಲ ಎಂದು ಕೋರ್ಟು ಅಲ್ಲಿಗೇ ನಿಂತಿತು. ಅಂದರೆ ಸಾಕ್ಷ್ಯ ಗಟ್ಟಿಯಿದ್ದ ಇನ್ನೊಂದು ಊರಿನ ಇನ್ನೊಂದು ಕೆರೆಯ ವಿಷಯದಲ್ಲಿ ಫಲ ಬೇರೆಯಾಗುವ ಸಾಧ್ಯತೆಯ ಬಾಗಿಲು ತೆರೆದೇ ಇತ್ತು. ಒಂದು ಕೆರೆಯನ್ನು ಗೆಲ್ಲಲು ಹತ್ತು ವರ್ಷ ಬೇಕಾಯಿತು, ಆ ಗೆಲುವು ಪಕ್ಕದ ಬಾವಿಗೆ ಅನ್ವಯಿಸುವ ಭರವಸೆಯಿಲ್ಲ.

ಆ ಬಾಗಿಲು ಮುಚ್ಚಿದ್ದು ಸಂವಿಧಾನ. 15ನೇ ವಿಧಿಯ 2ನೇ ಖಂಡವನ್ನು ತೆಗೆದು ನೋಡಿ. ಪೂರ್ತಿ ಅಥವಾ ಭಾಗಶಃ ಸರ್ಕಾರದ ಹಣದಲ್ಲಿ ನಡೆಯುವ, ಇಲ್ಲವೇ ಸಾರ್ವಜನಿಕರ ಬಳಕೆಗೆ ಬಿಟ್ಟ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕ ಸ್ಥಳಗಳ ಬಳಕೆಯಲ್ಲಿ ಜಾತಿ, ಧರ್ಮ ಮುಂತಾದ ಕಾರಣಕ್ಕೆ ಯಾವ ನಾಗರಿಕನಿಗೂ ಅಡ್ಡಿ, ನಿರ್ಬಂಧ ಇರಕೂಡದು ಎನ್ನುತ್ತದೆ. ಬೋಲೆ ಠರಾವಿನ ಪಟ್ಟಿಯನ್ನು ಪಕ್ಕದಲ್ಲಿಟ್ಟು ಓದಿದರೆ ನಂಟು ಕಣ್ಣಿಗೆ ಬೀಳುತ್ತದೆ. ಇನ್ನೊಂದು ಸೂಕ್ಷ್ಮವಿದೆ. 15ನೇ ವಿಧಿಯ 1ನೇ ಖಂಡ ಕಟ್ಟಿಹಾಕುವುದು ಸರ್ಕಾರವನ್ನು. 2ನೇ ಖಂಡದಲ್ಲಿ ಆ ಮಿತಿಯಿಲ್ಲ, ಖಾಸಗಿ ವ್ಯಕ್ತಿಗಳಿಗೂ ಅದು ಅನ್ವಯ. ಮಹಾಡ್‌ನಲ್ಲಿ ದಾವೆ ಹೂಡಿದ್ದು ಸರ್ಕಾರವಲ್ಲ, ಊರಿನ ಕೆಲವರು. ಪುರಸಭೆ ಆ ದಾವೆಯಲ್ಲಿ ಪಕ್ಷಗಾರನೇ ಆಗಿರಲಿಲ್ಲ. ಎಂಥ ವಿರೋಧಿ ಎದುರಾಗುತ್ತಾನೆಂದು ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದ ಅಂಬೇಡ್ಕರ್ ಅವರಿಗೆ ಆ ದಾವೆಯ ಪ್ರತಿವಾದಿಯಾಗಿ ಹತ್ತು ವರ್ಷದ ಅನುಭವವಿತ್ತು. ಅಸ್ಪೃಶ್ಯತೆಯನ್ನು ರದ್ದು ಮಾಡಿದ 17ನೇ ವಿಧಿ ಸಂವಿಧಾನ ಸಭೆಯಲ್ಲಿ ಅಂಗೀಕಾರವಾದದ್ದು 1948ರ ನವೆಂಬರ್ 29ರಂದು; ಶಿಕ್ಷೆ ವಿಧಿಸುವ ಕಾಯ್ದೆ 1955ರಲ್ಲಿ ಬಂತು.

ನಿಮ್ಮ ಕಾರ್ಯಕ್ರಮಕ್ಕೆ ನನ್ನ ಸಲಹೆ: ಶತಮಾನೋತ್ಸವ ಎಂದು ಕರೆಯುವುದಾದರೆ 2027ರ ಮಾರ್ಚ್ 20 ಸರಿಯಾದ ದಿನ. ಪ್ರತಿ ವರ್ಷ ಮಹಾಡ್‌ನಲ್ಲಿ ಜನ ಸೇರುವುದೂ ಆವತ್ತೇ. ಅದು ಶನಿವಾರ ಬೀಳುತ್ತದೆ, ಕಾಲೇಜಿಗೂ ಅನುಕೂಲ. ಡಿಸೆಂಬರ್ 25ಕ್ಕೆ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳಿ. ಕ್ರಿಸ್‌ಮಸ್ ರಜೆಯಾದ್ದರಿಂದ ಹಿಂದಿನ ವಾರ ಮಾಡಿದರೂ ನಡೆದೀತು, ಹೆಣ್ಣುಮಕ್ಕಳೇ ಅದನ್ನು ನಡೆಸಲಿ. ಮಾರ್ಚ್ ಕಾರ್ಯಕ್ರಮವನ್ನು 17ರಂದೇ, ಬುಧವಾರ, ಅಣಕು ನ್ಯಾಯಾಲಯದಿಂದ ಆರಂಭಿಸಿ. ನಿಮ್ಮಲ್ಲಿ ಕಾನೂನು ವಿಭಾಗ ಇಲ್ಲದಿದ್ದರೂ ಪರವಾಗಿಲ್ಲ, ಹತ್ತಿರದ ವಕೀಲರೊಬ್ಬರನ್ನು ಪೀಠದಲ್ಲಿ ಕೂರಿಸಿ. ಹೈಕೋರ್ಟು ಮುಟ್ಟದೆ ಬಿಟ್ಟ ಪ್ರಶ್ನೆಯನ್ನೇ ಎತ್ತಿಕೊಳ್ಳಿ: ವಾದಿಗಳ ರೂಢಿ ನಿಜಕ್ಕೂ ಅನಾದಿ ಕಾಲದ್ದೇ ಎಂದು ಸಾಬೀತಾಗಿದೆ ಅಂದುಕೊಳ್ಳಿ, ಸಂವಿಧಾನ ಇನ್ನೂ ಬಂದಿಲ್ಲ, ವರ್ಷ 1937. ಕೆರೆಯನ್ನು ತೆರೆಯಲು ಯಾವ ಆಧಾರದ ಮೇಲೆ ವಾದಿಸುತ್ತೀರಿ? ನಿಮಗೆ ಪ್ರಶ್ನೆ ಕೇಳಿದ ಆ ವಿದ್ಯಾರ್ಥಿಗೆ ಅಂಬೇಡ್ಕರ್ ಪರ ವಕೀಲನ ಜಾಗ ಕೊಡಿ.